ಮತದಾರರ ಅಭಿಪ್ರಾಯ ಸಮೀಕ್ಷೆ: ಅದರ ಬಲ ಮತ್ತು ಮಿತಿ

ಚುನಾವಣೆಯು ಸಮೀಪಿಸಿದೊಡನೆ ಯಾವ ಪಕ್ಷಕ್ಕೆ ಶೇಕಡ ಎಷ್ಟು ಮತಗಳು ದೊರೆಯುವುವೆಂಬ ಅಂಕಿಗಳು ಪ್ರಕಟವಾಗತೊಡಗುತ್ತವೆ. ಒಂದು ಸಾವಿರ ಜನರನ್ನು ವಿಚಾರಿಸಿ ಲಕ್ಷಾಂತರ ಮತದಾರರ ಮನಸ್ಸನ್ನು ತಿಳಿಯುವುದು ಸಾಧ್ಯವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಾಧ್ಯವೇ ಸರಿ, ಆದರೆ ಎಷ್ಟರಮಟ್ಟಿಗೆ ಎಂಬುದನ್ನು ಚಾಮರಾಜನಗರ ಜಿಲ್ಲೆಯ ಚುನಾವಣೆಗಳನ್ನೇ ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿಚಾರಮಾಡೋಣ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ನಮ್ಮ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕನ್ಯಾಯವೆಂದು ಕರೆದರು. ಸಮೀಕ್ಷೆಯ ತತ್ತ್ವವೂ ಇದೇ. ಆದರೆ ಮತಕ್ಷೇತ್ರವು ಒಂದೇ ಹದದಲ್ಲಿ ಬೆಂದ ಪಾತ್ರೆಯಲ್ಲ. ಕೇರಳಕ್ಕೂ ತಮಿಳುನಾಡಿಗೂ ಹೋಗುವ ದಾರಿಗಳು ಕವಲೊಡೆಯುವ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ನಿಂತು ಐನೂರು ಜನರನ್ನು ಪ್ರಶ್ನಿಸಿದೆವೆನ್ನೋಣ. ಅಲ್ಲಿ ಪರವೂರಿನವರು ಸಿಕ್ಕಾರು, ವ್ಯಾಪಾರಿಗಳು ಸಿಕ್ಕಾರು. ಹೊಲದಲ್ಲಿ ಕಳೆ ಕೀಳುತ್ತಿರುವ ಹೆಂಗಸಾಗಲಿ ಬಂಡೀಪುರದ ಕಾಡಂಚಿನ ಹಾಡಿಯವರಾಗಲಿ ಸಿಕ್ಕುವುದು ವಿರಳ. ಆದುದರಿಂದ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶವಿರುವಂತೆ, ಚೀಟಿ ಎತ್ತಿದಂತೆ, ಹೆಸರುಗಳನ್ನು ಆರಿಸಿ ಅವರ ಮನೆಗೇ ಹೋಗಬೇಕು. ಇದೇ ಯಾದೃಚ್ಛಿಕ ಮಾದರಿ.

ಆಯ್ಕೆಯ ಕ್ರಮ ತಪ್ಪಿದರೆ ಸಂಖ್ಯಾಬಲವು ರಕ್ಷಿಸಲಾರದು. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆಯು 20 ಲಕ್ಷಕ್ಕೂ ಮಿಕ್ಕಿದ ಉತ್ತರಗಳನ್ನು ಸಂಗ್ರಹಿಸಿ ಲ್ಯಾಂಡನ್ನರು ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟರು, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ದೂರವಾಣಿ ಮತ್ತು ಮೋಟಾರು ಉಳ್ಳವರ ಪಟ್ಟಿಗಳಿಂದ ಹೆಸರುಗಳನ್ನು ಆಯ್ದುದೂ, ಉತ್ತರ ಬರೆದು ಕಳುಹಿಸುವ ಉತ್ಸಾಹವುಳ್ಳವರ ಮಾತನ್ನಷ್ಟೇ ಎಣಿಸಿದುದೂ ಈ ಪ್ರಮಾದಕ್ಕೆ ಕಾರಣಗಳು. ಅದಕ್ಕಿಂತ ಬಹು ಚಿಕ್ಕ ಮಾದರಿಯಿಂದ ಗ್ಯಾಲಪ್ಪರು ವಿಜೇತರನ್ನು ಸರಿಯಾಗಿ ಹೇಳಿದ್ದರು.

ಮಾದರಿಯು ನಿರ್ದುಷ್ಟವಾಗಿದ್ದರೂ ಒಂದು ದೋಷಮಿತಿ ಉಳಿದೇ ಇರುತ್ತದೆ. ಸುಮಾರು 1,000 ಜನರ ಮಾದರಿಯಲ್ಲಿ ಅದು ಶೇಕಡ 3. ಎಂದರೆ, ಒಬ್ಬ ಅಭ್ಯರ್ಥಿಗೆ ಶೇಕಡ 50 ಎಂದು ಕಂಡುಬಂದರೆ, ನಿಜವಾದ ಪ್ರಮಾಣವು 47ಕ್ಕೂ 53ಕ್ಕೂ ನಡುವೆ ಇರುವುದೆಂದು ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ನಂಬಬಹುದು. ಈ ಮಿತಿಯನ್ನು ಶೇಕಡ 1ಕ್ಕೆ ಇಳಿಸಬೇಕಾದರೆ ಮಾದರಿಯನ್ನು ಒಂಬತ್ತು ಪಟ್ಟು ಹಿಗ್ಗಿಸಬೇಕು. ಇಬ್ಬರೇ ಪ್ರಬಲ ಸ್ಪರ್ಧಿಗಳಿರುವಲ್ಲಿ ಅವರ ನಡುವಣ ಅಂತರದ ದೋಷಮಿತಿಯು ಇದರ ಸುಮಾರು ಇಮ್ಮಡಿಯಾಗುತ್ತದೆ. ಏಕೆಂದರೆ ಒಬ್ಬರಿಗೆ ಹೆಚ್ಚಾಗಿ ಎಣಿಕೆಯಾದುದು ಮತ್ತೊಬ್ಬರಿಗೆ ಕಡಿಮೆಯಾಗಿರುತ್ತದೆ.

ಗುಂಡ್ಲುಪೇಟೆಯಲ್ಲಿ 2017ರ ಏಪ್ರಿಲ್ 9ರಂದು ನಡೆದ ಉಪಚುನಾವಣೆಯನ್ನು ಈ ಅಳತೆಗೋಲಿನಿಂದ ನೋಡೋಣ. ಸಚಿವ ಎಚ್. ಎಸ್. ಮಹದೇವಪ್ರಸಾದ್ ಅವರ ನಿಧನದಿಂದ ತೆರವಾದ ಸ್ಥಾನಕ್ಕೆ ಅವರ ಪತ್ನಿ ಗೀತಾ ಮಹದೇವಪ್ರಸಾದ್ ಅವರು ಸಿ. ಎಸ್. ನಿರಂಜನಕುಮಾರ್ ಅವರನ್ನು 10,877 ಮತಗಳಿಂದ ಸೋಲಿಸಿದರು. ಜನರಾಡುವ ಮಾತಿನಲ್ಲಿ ಇದು ಸ್ಪಷ್ಟವಾದ ಗೆಲುವು. ಆದರೆ ಈ ಅಂತರವು ಚಲಾವಣೆಯಾದ ಮತಗಳಲ್ಲಿ ಶೇಕಡ 6ರ ಆಸುಪಾಸಿನದು. ಸಾವಿರ ಜನರ ಸಮೀಕ್ಷೆಯೊಂದು ಇದನ್ನು ಕಷ್ಟದಿಂದ ಗುರುತಿಸಬಹುದಾಗಿತ್ತಷ್ಟೆ.

ಇನ್ನು ಇದೇ ಜಿಲ್ಲೆಯ ಸಂತೇಮರಹಳ್ಳಿಯನ್ನು ನೆನೆಯಿರಿ. ಅಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದುವು. 2019ರ ಲೋಕಸಭಾ ಚುನಾವಣೆಯಲ್ಲಿ ಅದೇ ಧ್ರುವನಾರಾಯಣ ಅವರು ಚಾಮರಾಜನಗರ ಕ್ಷೇತ್ರದಲ್ಲಿ ವಿ. ಶ್ರೀನಿವಾಸ ಪ್ರಸಾದ್ ಅವರಿಗೆ 1,817 ಮತಗಳಿಂದ ಸೋತರು. ಇಂಥಲ್ಲಿ ಎಷ್ಟೇ ಪ್ರಾಮಾಣಿಕವಾದ ಸಮೀಕ್ಷೆಯೂ 'ಸಮಬಲ' ಎಂದು ಹೇಳಬಹುದೇ ಹೊರತು ವಿಜೇತರನ್ನು ಹೆಸರಿಸಲಾರದು.

ಇವಲ್ಲದೆ ಮತಗಟ್ಟೆಗೆ ಬರುವವರು ಯಾರೆಂಬ ಪ್ರಶ್ನೆಯೊಂದುಂಟು. ಗುಂಡ್ಲುಪೇಟೆಯ ಆ ಉಪಚುನಾವಣೆಯಲ್ಲಿ ಸುಮಾರು ಶೇಕಡ 87ರಷ್ಟು ಮತದಾರರು ಬಂದಿದ್ದರಾಗಿ ಅಲ್ಲಿ ಈ ತೊಡಕು ಕಡಿಮೆ. ದೊಡ್ಡ ನಗರಗಳ ಸ್ಥಿತಿ ಬೇರೆ. ಕರ್ನಾಟಕದ ಮಹಾನಗರಪಾಲಿಕೆಗಳಲ್ಲಿ ಮೇಯರನ್ನು ಸದಸ್ಯರೇ ಚುನಾಯಿಸುತ್ತಾರೆ. ನ್ಯೂಯಾರ್ಕ್ ನಗರದಲ್ಲಾದರೋ ಪಕ್ಷದ ಅಭ್ಯರ್ಥಿಯನ್ನೂ ಆ ಪಕ್ಷದಲ್ಲಿ ನೋಂದಾಯಿತರಾದ ಮತದಾರರು ಆರಿಸುತ್ತಾರೆ. 2025ರ ಜೂನ್ ತಿಂಗಳಿನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಇಂಥ ಪ್ರಾಥಮಿಕ ಚುನಾವಣೆಯಲ್ಲಿ ಬಹುಪಾಲು ಸಮೀಕ್ಷೆಗಳು ಆಂಡ್ರೂ ಕುವೊಮೊ ಮುಂದಿರುವರೆಂದುವು. ಗೆದ್ದವರು ಜೊಹ್ರಾನ್ ಮಮ್ದಾನಿ. ಅರ್ಹರಲ್ಲಿ ಅಲ್ಪಭಾಗವೇ ಮತ ನೀಡುವಾಗ, ಹೊಸದಾಗಿ ಬರುವ ತರುಣರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅಂದಾಜು ಕೆಡುತ್ತದೆ.

ಉತ್ತರದ ಪ್ರಾಮಾಣಿಕತೆಯೂ ಚಿಂತನೀಯ. ಊರಿನ ಜಗಲಿಯ ಮೇಲೆ ಹತ್ತು ಜನರೆದುರಿಗೆ ಕೇಳಿದರೆ ಕೂಲಿಯವನು ಯಜಮಾನನ ಇಷ್ಟವನ್ನೇ ತನ್ನದೆಂದು ಹೇಳಿಯಾನು. ಆದಕಾರಣ ದೆಹಲಿಯ ಲೋಕನೀತಿ ಸಂಸ್ಥೆಯಂಥವರು ಅಣಕು ಮತಪತ್ರವನ್ನು ಕೊಟ್ಟು, ಗುಟ್ಟಾಗಿ ಪೆಟ್ಟಿಗೆಯಲ್ಲಿ ಹಾಕಿಸಿಕೊಳ್ಳುವ ಪದ್ಧತಿಯನ್ನು ಅನುಸರಿಸಿದ್ದಾರೆ.

ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳಲ್ಲಿ ದೂರದರ್ಶನದಂಥ ಮಾಧ್ಯಮಗಳಲ್ಲಿ ಚುನಾವಣಾ ವಿಷಯಗಳನ್ನು ಪ್ರದರ್ಶಿಸುವುದನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 126ನೆಯ ಪ್ರಕರಣವು ನಿಷೇಧಿಸುತ್ತದೆ. ಮತ ನೀಡಿ ಬಂದವರ ಸಮೀಕ್ಷೆಯನ್ನು ಆಯೋಗವು ಗೊತ್ತುಪಡಿಸಿದ ಅವಧಿಯಲ್ಲಿ ಪ್ರಕಟಿಸದಂತೆ 126ಎ ಪ್ರಕರಣವು ತಡೆಯುತ್ತದೆ. ಫಲಿತಾಂಶವು ಮೊದಲೇ ನಿಶ್ಚಿತವಾಗಿದೆಯೆಂಬ ಭಾವನೆಯಿಂದ ಮತದಾರನು ಮನೆಯಲ್ಲಿಯೇ ಉಳಿಯುವಂತಾಗಬಾರದೆಂಬುದು ಇಲ್ಲಿ ಗಮನಾರ್ಹ. ಸಂತೇಮರಹಳ್ಳಿಯಲ್ಲಿ ಅಂಥ ಒಬ್ಬನೇ ಒಬ್ಬನು ಮತಗಟ್ಟೆಗೆ ಬಂದಿದ್ದರೆ ಇಬ್ಬರೂ ಸಮವಾಗುತ್ತಿದ್ದರು.

ಆದುದರಿಂದ ಸಮೀಕ್ಷೆಯೊಂದು ಕೈಗೆ ಬಂದಾಗ, ಕೇಳಿದುದು ಯಾರನ್ನು, ಆರಿಸಿದ ಕ್ರಮ ಯಾವುದು, ಎಷ್ಟು ಜನರನ್ನು, ಯಾವ ದಿನಗಳಲ್ಲಿ, ದೋಷಮಿತಿ ಎಷ್ಟು ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಮೊದಲು ಹಾಕಿಕೊಳ್ಳಬೇಕು. ಇವಕ್ಕೆ ಉತ್ತರವಿಲ್ಲದ ಅಂಕಿಗಳನ್ನು ಕಟ್ಟೆಯ ಮೇಲಿನ ಮಾತಿಗಿಂತ ಹೆಚ್ಚಾಗಿ ನಂಬಲು ಕಾರಣವಿಲ್ಲ.