ಎಷ್ಟು ಅಡಿ ದೂರ ನಿಂತು ಫೋಟೊ ತೆಗೆಯುತ್ತೀರಿ?

ಪುಟ್ಟ ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು ಎಂದು. ಎರಡಕ್ಕೂ ಉತ್ತರ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಡಬ್ಬಿಯ ಮೇಲಿಲ್ಲದ, ಕೊಳ್ಳುವವರೇ ಉತ್ತರ ಹೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಎದುರಿಗಿರುವ ಮನುಷ್ಯನಿಂದ ನೀವು ಎಷ್ಟು ದೂರ ನಿಂತು ಫೋಟೊ ತೆಗೆಯುತ್ತೀರಿ? ಬೀದಿಯಲ್ಲಿ, ಪ್ರವಾಸದಲ್ಲಿ, ಮನೆಯ ಹಜಾರದಲ್ಲಿ ದಿನವೂ ಕೈಗೆತ್ತಿಕೊಳ್ಳುವ ಕ್ಯಾಮೆರಾದ ಆಯ್ಕೆ ಮುಕ್ಕಾಲು ಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಲೆಕ್ಕ ಹಾಕಿಯೇ ನೋಡೋಣ. ಐದೂವರೆ ಅಡಿ ಎತ್ತರದ ಒಬ್ಬರು ನಿಂತಿದ್ದಾರೆ. ಕ್ಯಾಮೆರಾ ಅಡ್ಡಲಾಗಿ ಹಿಡಿದಿದ್ದೀರಿ. ತಲೆಯಿಂದ ಪಾದದವರೆಗೆ ಅವರು ಚೌಕಟ್ಟಿನೊಳಗೆ ಬರಬೇಕಾದರೆ, 28 ಎಂಎಂ ಲೆನ್ಸ್ ಇದ್ದರೆ ಆರೂವರೆ ಅಡಿ ದೂರ ಸಾಕು. 35 ಎಂಎಂಗೆ ಎಂಟು ಅಡಿ ಬೇಕು, 40 ಎಂಎಂಗೆ ಒಂಬತ್ತು ಅಡಿಗಿಂತ ತುಸು ಹೆಚ್ಚು, 50 ಎಂಎಂಗೆ ಹನ್ನೊಂದೂವರೆ ಅಡಿ. (ಇವೆಲ್ಲ ಹಳೆಯ ಫಿಲಂ ಕ್ಯಾಮೆರಾದ ಅಳತೆಗೆ ಹೊಂದಿಸಿ ಹೇಳುವ ಸಂಖ್ಯೆಗಳು, ಕಂಪನಿಗಳೂ ಹಾಗೆಯೇ ಹೇಳುತ್ತವೆ.) ಕಾಗದದ ಮೇಲೆ ಐದಡಿ ಹೆಚ್ಚುಕಮ್ಮಿ ದೊಡ್ಡದೆನಿಸುವುದಿಲ್ಲ. ಮೈಸೂರಿನ ಚಿಕ್ಕ ಗಡಿಯಾರದ ಪಕ್ಕದ ದೇವರಾಜ ಮಾರುಕಟ್ಟೆಗೆ ಬೆಳಗ್ಗೆ ಹೋಗಿ ನಿಂತರೆ ಅದರ ಅರ್ಥವಾಗುತ್ತದೆ. ಹೂವಿನ ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ಸರಿದುಕೊಂಡೇ ನಡೆಯಬೇಕು. ಬೆನ್ನ ಹಿಂದೆ ಬಾಳೆಹಣ್ಣಿನ ಗೊನೆ, ಎದುರಿಗೆ ಸೇವಂತಿಗೆಯ ಕುಕ್ಕೆ, ಅದರಾಚೆ ಮಾಲೆ ಕಟ್ಟುತ್ತ ಕೂತ ಹೆಂಗಸು. ಅಲ್ಲಿ ಹನ್ನೊಂದೂವರೆ ಅಡಿ ಹಿಂದೆ ಸರಿದರೆ ಪಕ್ಕದ ಅಂಗಡಿಯ ಕುಂಕುಮದ ರಾಶಿಯ ಮೇಲೆ ಕೂರಬೇಕಾಗುತ್ತದೆ. ಆ ಜಾಗ 28 ಎಂಎಂ ಬೇಡುತ್ತದೆ. ಅದೇ ನೀವು ಹಂಪಿಯ ವಿರೂಪಾಕ್ಷ ಬೀದಿಯಲ್ಲೋ ಉಡುಪಿಯ ರಥಬೀದಿಯಲ್ಲೋ ನಿಂತಿದ್ದರೆ 28 ಎಂಎಂ ಚೌಕಟ್ಟಿನ ತುಂಬ ಖಾಲಿ ನೆಲವೇ ಬಂದು, ಮನುಷ್ಯರು ಇರುವೆಗಳಾಗುತ್ತಾರೆ. ಅಲ್ಲಿ 40 ಎಂಎಂ ಹೆಚ್ಚು ಹಿತ.

ನಿಮ್ಮ ದೂರ ಯಾವುದು ಎಂದು ತಿಳಿಯಲು ಹಣ ಖರ್ಚು ಮಾಡಬೇಕಿಲ್ಲ. ಫೋನಿನ ಗ್ಯಾಲರಿ ತೆರೆಯಿರಿ. ಬಹುತೇಕ ಫೋನುಗಳ ಮುಖ್ಯ ಲೆನ್ಸ್ 23ರಿಂದ 26 ಎಂಎಂ ಆಸುಪಾಸಿನದು, 2ಎಕ್ಸ್ ಒತ್ತಿದರೆ 50ರ ಹತ್ತಿರ ಬರುತ್ತದೆ. ನೀವು ಇಷ್ಟಪಟ್ಟು ಇಟ್ಟುಕೊಂಡ ಫೋಟೊಗಳಲ್ಲಿ ಯಾವುದು ಹೆಚ್ಚು? ತೆಗೆದ ಮೇಲೆ ಅಂಚು ಕತ್ತರಿಸುವ ಅಭ್ಯಾಸ ಇದೆಯೇ? ಕತ್ತರಿಸುತ್ತಲೇ ಇರುವವರಿಗೆ 28 ಎಂಎಂ ಒಗ್ಗುವುದು ಕಷ್ಟ. ಗೋಡೆಗೆ ಬೆನ್ನು ತಾಗುವವರೆಗೂ ಹಿಂದೆ ಹಿಂದೆ ಸರಿಯುವವರಿಗೆ 40 ಒಗ್ಗುವುದಿಲ್ಲ.

ಈ ಉತ್ತರ ಸಿಕ್ಕ ಮೇಲೆ ಅಂಗಡಿಯ ಕಪಾಟು ತಾನಾಗಿಯೇ ಚಿಕ್ಕದಾಗುತ್ತದೆ. 2010ರಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳು ಹತ್ತು ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನು ಮಾರುಕಟ್ಟೆಗೆ ಕಳಿಸಿದ್ದವು. 2023ರಲ್ಲಿ ಇಪ್ಪತ್ತು ಲಕ್ಷವೂ ಇಲ್ಲ. ಅಗ್ಗದ ಮಾದರಿಗಳನ್ನೆಲ್ಲ ಫೋನು ನುಂಗಿತು. ಉಳಿದವು ದುಬಾರಿ, ಆದರೆ ಉಳಿದದ್ದಕ್ಕೆ ಕಾರಣವೂ ಇದೆ.

ಬೀದಿಯ ಫೋಟೊ ಎಂದರೆ ನನ್ನ ಮನಸ್ಸು ಮೊದಲು ಹೋಗುವುದು ರಿಕೊ ಜಿಆರ್ ಕಡೆಗೆ. ಈ ಹೆಸರಿನ ಮೊದಲ ಫಿಲಂ ಕ್ಯಾಮೆರಾ ಬಂದದ್ದು 1996ರಲ್ಲಿ. ಟೋಕಿಯೊದ ಗಲ್ಲಿಗಳನ್ನು ಕಪ್ಪು–ಬಿಳುಪಿನಲ್ಲಿ ಹಿಡಿದ ದೈದೊ ಮೊರಿಯಾಮಾ ಕೈಯಲ್ಲಿ ಅದು ಪ್ರಸಿದ್ಧವಾಯಿತು. 2019ರ ಜಿಆರ್ ತ್ರೀ ಮತ್ತು 2025ರ ಜಿಆರ್ ಫೋರ್, ಎರಡಕ್ಕೂ 28 ಎಂಎಂ ಲೆನ್ಸ್. 2021ರ ಜಿಆರ್ ತ್ರೀ ಎಕ್ಸ್‌ಗೆ 40 ಎಂಎಂ. ಬ್ಯಾಟರಿ, ಕಾರ್ಡ್ ಸೇರಿ 260 ಗ್ರಾಂ ಆಸುಪಾಸು. ಪ್ಯಾಂಟಿನ ಜೇಬಿನಲ್ಲಿ ಕೂರುತ್ತದೆ, ಒಂದೇ ಕೈಯಲ್ಲಿ ಎಲ್ಲ ಕೆಲಸ ನಡೆಯುತ್ತದೆ.

ಇದರ ಸ್ನ್ಯಾಪ್ ಫೋಕಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ದೂರದ ಮಾತು ಇಲ್ಲಿ ಕೈಗೆ ಸಿಗುವಂತೆ ಕಾಣುತ್ತದೆ. ಸಾಮಾನ್ಯ ಕ್ಯಾಮೆರಾದಲ್ಲಿ ಬಟನ್ ಅರ್ಧ ಒತ್ತಿ, ಫೋಕಸ್ ಆಗುವವರೆಗೆ ಕಾದು, ಆಮೇಲೆ ಪೂರ್ತಿ ಒತ್ತುತ್ತೇವೆ. ಸ್ನ್ಯಾಪ್ ಫೋಕಸ್‌ನಲ್ಲಿ ಮೊದಲೇ ದೂರ ಗೊತ್ತುಮಾಡಿ ಇಡಬಹುದು. ಎರಡು ಮೀಟರ್ ಎಂದು ಇಟ್ಟು, ಅಪರ್ಚರ್ ಎಫ್ 8 ಮಾಡಿದರೆ, ಈ 28 ಎಂಎಂ ಲೆನ್ಸಿನಲ್ಲಿ ಮೂರೂವರೆ ಅಡಿಯಿಂದ ನೂರು ಅಡಿಗೂ ಆಚೆಯವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡುತ್ತದೆ. ನೆರಳಿರುವ ಬೀದಿಯಲ್ಲೂ ಐಎಸ್‌ಒ 800ಕ್ಕೆ ಏರಿಸಿದರೆ ಸೆಕೆಂಡಿನ ಐನೂರರಲ್ಲಿ ಒಂದು ಪಾಲಿನ ಶಟರ್ ವೇಗ ಸಿಗುತ್ತದೆ, ನಡೆಯುವವರ ಕಾಲು ಕಲಸಿಹೋಗುವುದಿಲ್ಲ. ಬಟನ್ನನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಆಯಿತು, ಕಾಯುವುದಿಲ್ಲ. ಹೋಟೆಲಿನಲ್ಲಿ ಕಾಫಿಯನ್ನು ಎತ್ತರಕ್ಕೆ ಎಳೆದು ಸುರಿಯುವ ಆ ಅರೆಕ್ಷಣ, ಮಗು ಮೆಟ್ಟಿಲಿನಿಂದ ಹಾರುವ ಗಳಿಗೆ, ಬಸ್ಸಿನ ಕಿಟಕಿಯಿಂದ ಆಚೆ ಬಂದ ಕೈ, ಇವು ಫೋಕಸ್‌ಗಾಗಿ ಕಾಯುವುದಿಲ್ಲವಲ್ಲ. ಆದರೆ ಸಂಜೆಯಾದ ಮೇಲೆ ಈ ಉಪಾಯ ನಡೆಯದು. ಅಪರ್ಚರ್ ತೆರೆಯಬೇಕಾಗುತ್ತದೆ, ಸ್ಪಷ್ಟವಾಗುವ ಪಟ್ಟಿ ಕಿರಿದಾಗುತ್ತದೆ, ಮತ್ತೆ ಫೋಕಸ್‌ಗೆ ಮರಳಬೇಕು. ವ್ಯೂಫೈಂಡರ್ ಇಲ್ಲ, ಉರಿಬಿಸಿಲಿನಲ್ಲಿ ಹಿಂದಿನ ಪರದೆ ಕಾಣುವುದು ಕಷ್ಟ. ಜಿಆರ್ ತ್ರೀ ಬ್ಯಾಟರಿ ಇನ್ನೂರು ಚಿತ್ರಗಳ ಸುತ್ತಮುತ್ತ ಮುಗಿಯುತ್ತದೆ, ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೊರಡಬೇಕು.

ಕಣ್ಣಿಗೆ ಹಚ್ಚಿ ನೋಡುವ ಸುಖ ಬೇಕೆನ್ನುವವರಿಗೆ ಫ್ಯೂಜಿಫಿಲ್ಮ್‌ನ ಎಕ್ಸ್100 ಸರಣಿ. ಮೊದಲನೆಯದು 2011ರಲ್ಲಿ ಮಾರಾಟಕ್ಕೆ ಬಂತು. 2024ರ ಫೆಬ್ರುವರಿಯಲ್ಲಿ ಬಂದ ಎಕ್ಸ್100ವಿಐ ಕೊಳ್ಳಲು ಜನ ತಿಂಗಳುಗಟ್ಟಲೆ ಸಾಲಿನಲ್ಲಿ ಕಾದರು. 35 ಎಂಎಂ ಲೆನ್ಸ್, ಎಫ್ 2, ಕೈನಡುಕ ತಡೆಯುವ ವ್ಯವಸ್ಥೆ, 40 ಮೆಗಾಪಿಕ್ಸೆಲ್. ತೂಕ ಅರ್ಧ ಕಿಲೋ ದಾಟುತ್ತದೆ, ಜೇಬಿನ ಮಾತು ಬಿಡಿ, ಕುತ್ತಿಗೆಗೋ ಚೀಲಕ್ಕೋ ಹೋಗಬೇಕು. ನನಗೆ ಇದರಲ್ಲಿ ಹೆಚ್ಚು ಮೆಚ್ಚುಗೆಯಾಗುವುದು ಲೆನ್ಸಿನೊಳಗೇ ಇರುವ ಲೀಫ್ ಶಟರ್. ಸದ್ದು ಬಹುತೇಕ ಇಲ್ಲ. ಜೊತೆಗೆ ಬಿಸಿಲಿನಲ್ಲೂ ವೇಗದ ಶಟರ್ ಇಟ್ಟುಕೊಂಡೇ ಫ್ಲ್ಯಾಶ್ ಬಳಸಬಹುದು. ನಡುಮಧ್ಯಾಹ್ನದ ಸಂತೆಯಲ್ಲಿ ಪೇಟ ಸುತ್ತಿದ ರೈತನ ಕಣ್ಣುಗಳು ಪೇಟದ ನೆರಳಲ್ಲಿ ಮುಳುಗಿರುತ್ತವೆ. ಸಣ್ಣದೊಂದು ಫ್ಲ್ಯಾಶ್ ಆ ಕಣ್ಣುಗಳನ್ನು ಹೊರಗೆ ತರುತ್ತದೆ.

ಕುಟುಂಬದೊಂದಿಗೆ ಊರೂರು ಸುತ್ತುವವರಿಗೆ ಒಂದೇ ಲೆನ್ಸಿನ ಕ್ಯಾಮೆರಾ ಹೇಳಿಸಿದ್ದಲ್ಲ. ಬೇಲೂರಿನ ಮದನಿಕೆಯರು ಇರುವುದು ತಲೆಯ ಮೇಲೆ, ಕಂಬದ ತುದಿಯ ಚಾಚಿನಲ್ಲಿ. ಕಾಲು ಎಷ್ಟೇ ಮುಂದಿಟ್ಟರೂ ಅವರ ಹತ್ತಿರ ಹೋಗಲಾಗದು. ಅಲ್ಲಿ ಜೂಮ್ ಬೇಕೇ ಬೇಕು. ಸೋನಿ ಆರ್‌ಎಕ್ಸ್100 ಸರಣಿಯ ಏಳನೆಯ ಮಾದರಿ 24ರಿಂದ 200 ಎಂಎಂವರೆಗೆ ಹೋಗುತ್ತದೆ, 300 ಗ್ರಾಂ ತೂಗುತ್ತದೆ. ಕ್ಯಾನನ್ ಜಿ7ಎಕ್ಸ್ ಮಾರ್ಕ್ ತ್ರೀ 24ರಿಂದ 100 ಎಂಎಂಗೇ ನಿಂತರೂ ಎಫ್ 1.8ರಿಂದ 2.8ರ ಲೆನ್ಸ್ ಇರುವುದರಿಂದ ದೇವಸ್ಥಾನದ ಒಳಗಿನ ಮಬ್ಬಿನಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಎರಡರ ಸೆನ್ಸರೂ 13.2 ಎಂಎಂ ಅಗಲ, 8.8 ಎಂಎಂ ಎತ್ತರ. ಜಿಆರ್, ಎಕ್ಸ್100ಗಳ ಸೆನ್ಸರ್ ವಿಸ್ತಾರದಲ್ಲಿ ಇದರ ಮೂರು ಪಟ್ಟು. ಮೋಡದ ದಿನ, ರಾತ್ರಿ, ಒಳಾಂಗಣದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಬಟನ್ನುಗಳ ವಿಷಯ ಬಹಳ ಮಂದಿ ಲಕ್ಷ್ಯಕ್ಕೇ ತಂದುಕೊಳ್ಳುವುದಿಲ್ಲ. ಬಯಲಾಟದ ರಂಗಸ್ಥಳದ ಮುಂದೆ ಕೂತು ನೋಡಿ. ವೇಷದ ಮುಖಕ್ಕೆ ಗಾಢ ಬಣ್ಣ, ಕಿರೀಟದಲ್ಲಿ ಹೊಳೆಯುವ ಬೇಗಡೆ, ಹಿಂದೆ ಕಗ್ಗತ್ತಲೆ. ಕ್ಯಾಮೆರಾ ಸರಾಸರಿ ಲೆಕ್ಕ ಹಾಕಿ, ಕತ್ತಲೆಯನ್ನು ಕಂಡು ಬೆಳಕು ಹೆಚ್ಚಿಸುತ್ತದೆ. ಬಣ್ಣ ಬರೆದ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಒಂದು ಮನೆ ಕೆಳಗಿಳಿಸಿದರೆ ಮುಖದ ಗೆರೆ ಗೆರೆಯೂ ಮರಳುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ನಿಂತ ಕಪ್ಪು ಮೈಬಣ್ಣದವರ ಕತೆ ಇದರ ತದ್ವಿರುದ್ಧ: ಮೇಲೇರಿಸದಿದ್ದರೆ ಮುಖವೇ ಕಾಣದು. ನಮ್ಮ ಬೆಳಕಿನಲ್ಲಿ, ನಮ್ಮ ಮೈಬಣ್ಣಗಳಲ್ಲಿ ಇದನ್ನು ಗಳಿಗೆಗೊಮ್ಮೆ ತಿರುಗಿಸಬೇಕಾಗುತ್ತದೆ. ಎಕ್ಸ್100ವಿಐ ಮತ್ತು ಜಿ7ಎಕ್ಸ್‌ನಲ್ಲಿ ಇದಕ್ಕೆಂದೇ ತಲೆಯ ಮೇಲೊಂದು ಡಯಲ್ ಇದೆ, ಹೆಬ್ಬೆರಳಿಗೆ ಸಿಗುತ್ತದೆ. ಮೆನುವಿನೊಳಗೆ ಹೊಕ್ಕು ಹುಡುಕುವಷ್ಟರಲ್ಲಿ ಪಾತ್ರ ಚೌಕಿಗೆ ಹೋಗಿರುತ್ತದೆ.

ಹತ್ತಿರ ನಿಲ್ಲುವುದೆಂದರೆ ಮಾತಾಡುವುದೂ ಹೌದು. ಆರೂವರೆ ಅಡಿಯಿಂದ ಕದ್ದು ತೆಗೆಯಲಾಗದು, ತೆಗೆಯಲೂಬಾರದು. “ಅಮ್ಮಾ, ಒಂದು ಫೋಟೊ ತೆಗೀಲಾ?” ಎಂದರೆ ಹೂವಿನವರು ಸೆರಗು ಸರಿಮಾಡಿಕೊಂಡು, “ಮೊದ್ಲು ಒಂದು ಮೊಳ ತಗೊಳ್ಳಪ್ಪಾ” ಎನ್ನುತ್ತಾರೆ. ಬೇಡ ಎಂದವರನ್ನು ಬಿಟ್ಟುಬಿಡಬೇಕು. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಜನ ಅಂಜಿಕೆಯಿಲ್ಲದೆ ಇರುತ್ತಾರೆ. ದೂರದಿಂದ ಎಳೆದು ತೆಗೆದ ಚಿತ್ರದಲ್ಲಿ ಆ ನಿರಾಳ ನನಗೆ ಸಿಕ್ಕಿದ್ದೇ ಕಡಿಮೆ. ಚಿಕ್ಕ ಕ್ಯಾಮೆರಾದ ದೊಡ್ಡ ಅನುಕೂಲವೂ ಇದೇ. ಉದ್ದನೆಯ ಲೆನ್ಸ್ ಕಂಡರೆ ಮುಖ ಬಿಗಿದುಕೊಳ್ಳುವವರು ಅಂಗೈಯಗಲದ ಕ್ಯಾಮೆರಾ ಕಂಡರೆ ಮಾತು ಮುಂದುವರಿಸುತ್ತಾರೆ.

ನಮ್ಮ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜಿಆರ್ ತ್ರೀಗೆ ದೂಳು–ನೀರಿನ ರಕ್ಷಣೆ ಇಲ್ಲ. ಎಕ್ಸ್100ವಿಐಗೆ ಅಡಾಪ್ಟರ್ ರಿಂಗ್ ಮತ್ತು ಫಿಲ್ಟರ್ ಹಾಕಿದ ಮೇಲೆಯೇ ಆ ರಕ್ಷಣೆ ಪೂರ್ತಿಯಾಗುತ್ತದೆ. ಲೆನ್ಸ್ ಕಳಚಲು ಬಾರದ ಕ್ಯಾಮೆರಾದಲ್ಲಿ ಸೆನ್ಸರ್ ಮೇಲೆ ದೂಳು ಕೂತರೆ ಮನೆಯಲ್ಲಿ ಒರೆಸಲಾಗದು, ಸರ್ವಿಸ್ ಸೆಂಟರಿಗೇ ಕೊಡಬೇಕು. ಬಯಲುಸೀಮೆಯ ಜಾತ್ರೆಗೆ ಒಯ್ಯುವವರು ಬರಿಯ ಜೇಬಿಗೆ ಹಾಕದೆ ಸಣ್ಣದೊಂದು ಚೀಲದೊಳಗೆ ಇಡುವುದು ಮೇಲು. ಕರಾವಳಿ, ಮಲೆನಾಡಿನವರ ಶತ್ರು ಬೂಷ್ಟು. ಮಳೆಗಾಲವಿಡೀ ಚರ್ಮದ ಕೇಸಿನಲ್ಲಿ ಮುಚ್ಚಿಟ್ಟರೆ ಲೆನ್ಸಿನೊಳಗೆ ಜೇಡರ ಬಲೆಯಂತೆ ಹಬ್ಬುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರು ಇಟ್ಟು ತೇವಾಂಶ ಶೇ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಒಳ್ಳೆಯ ಮದ್ದು ದಿನವೂ ಹೊರಗೆ ತೆಗೆದು ಬಳಸುವುದು.

ಹಳೆಯದನ್ನು ಕೊಳ್ಳುವವರು ಅಪರ್ಚರನ್ನು ಆದಷ್ಟು ಕಿರಿದಾಗಿಸಿ ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ದೂಳಿದ್ದರೆ ಬೂದು ಚುಕ್ಕೆಗಳು ಕಾಣುತ್ತವೆ. ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಬೂಷ್ಟು ಗೊತ್ತಾಗುತ್ತದೆ. ಹೊಸದಾದರೆ ವಾರಂಟಿ ಭಾರತದ್ದೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಹೊರದೇಶದಿಂದ ತರಿಸಿದ್ದಕ್ಕೆ ಇಲ್ಲಿ ರಿಪೇರಿ ಸಿಗದೆ ಪರದಾಡಬೇಕಾದೀತು.

ದೊಡ್ಡ ನಗರಗಳಲ್ಲಿ ಕ್ಯಾಮೆರಾ ದಿನದ ಬಾಡಿಗೆಗೂ ಸಿಗುತ್ತದೆ. ಲಕ್ಷ ರೂಪಾಯಿ ಸುರಿಯುವ ಮುನ್ನ ಶನಿವಾರ, ಭಾನುವಾರಕ್ಕೆ ತಂದಿಟ್ಟುಕೊಳ್ಳಿ. ಬೆಳಗ್ಗೆ ಹೂವಿನ ಮಾರುಕಟ್ಟೆಯಲ್ಲಿ ಒಂದು ಗಂಟೆ, ಮಧ್ಯಾಹ್ನ ಟ್ಯೂಬ್‌ಲೈಟ್ ಬೆಳಕಿನ ಹೋಟೆಲಿನಲ್ಲಿ ಊಟದ ಹೊತ್ತು, ಸಂಜೆ ಮನೆಯಲ್ಲಿ ಓಡಾಡುವ ಮಕ್ಕಳು. ಈ ಮೂರೂ ಕಡೆ ತೆಗೆದ ಚಿತ್ರಗಳಲ್ಲಿ ಹತ್ತನ್ನು ಆರಿಸಿ ಲ್ಯಾಬಿನಲ್ಲಿ ಎಂಟು–ಹನ್ನೆರಡು ಇಂಚಿಗೆ ಪ್ರಿಂಟ್ ಹಾಕಿಸಿ. ಅದೇ ಜಾಗದಲ್ಲಿ ಫೋನಿನಲ್ಲಿ ತೆಗೆದ ಹತ್ತನ್ನೂ ಅದೇ ಅಳತೆಗೆ ಹಾಕಿಸಿ, ಮೇಜಿನ ಮೇಲೆ ಪಕ್ಕಪಕ್ಕ ಹರಡಿ ಮನೆಯವರನ್ನು ಕರೆದು ತೋರಿಸಿ. ಯಾವುದು ಯಾವುದರದ್ದೆಂದು ಅವರಿಗೆ ಹೇಳಬೇಡಿ.