ಗೋಡೆ ನಡುಗಿದರೆ ಚಿತ್ರವೂ ನಡುಗುತ್ತದೆ

ಸಿಂದಗಿಯಿಂದ ವಿಜಯಪುರಕ್ಕೆ ಹೋಗುವ ದಾರಿ. ದೇವರ ಹಿಪ್ಪರಗಿಯ ಚಹಾದಂಗಡಿಯೊಂದರಲ್ಲಿ ಕುಳಿತಿದ್ದೆವು. ಜಲ್ಲಿ ತುಂಬಿದ ಟಿಪ್ಪರ್ ಹೋದಾಗಲೆಲ್ಲ ಹಲಗೆಯ ಮೇಲಿನ ಗಾಜಿನ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. "ಹಂಗ ಬಿಟ್ರ ತುದೀಗೆ ಬಂದು ಬೀಳ್ತಾವ್ರೀ ಸಾಹೇಬ್ರ. ಅದಕ್ಕ ಕೆಳಗ ಅರಿವಿ ಹಾಸೀನ್ರಿ" ಎಂದರು ಅಂಗಡಿಯವರು.

ದೊಡ್ಡ ಮ್ಯೂಸಿಯಂಗಳು ಮಾಡುವುದೂ ಇದನ್ನೇ. 2013ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ ಈಜಿಪ್ಟಿನ ಪುಟ್ಟ ಪ್ರತಿಮೆಯೊಂದು ಗಾಜಿನ ಕಪಾಟಿನೊಳಗೆ ತನ್ನಷ್ಟಕ್ಕೇ ತಿರುಗುತ್ತಿತ್ತು. ಶಾಪ ಎಂದವರೂ ಇದ್ದರು. ತಜ್ಞರು ಅಳೆದು ನೋಡಿದರೆ, ಹೊರಗಿನ ವಾಹನ ಮತ್ತು ಒಳಗಿನ ಜನರ ನಡಿಗೆಯ ಕಂಪನ! ಪ್ರತಿಮೆಯ ತಳ ಸ್ವಲ್ಪ ಉಬ್ಬಿದ್ದರಿಂದ ಅದು ತಿರುಗುತ್ತಿತ್ತು, ಅಷ್ಟೇ.

ಬರೀ ಓಡಾಟಕ್ಕೇ ಹೀಗಾದರೆ, ಪಕ್ಕದಲ್ಲೇ ಪೈಲಿಂಗ್, ಬ್ರೇಕರ್, ರೋಲರ್ ಕೆಲಸ ನಡೆದರೆ? ಕಂಪನ ಮಣ್ಣಿನಿಂದ ಅಡಿಪಾಯಕ್ಕೆ, ಗೋಡೆಗೆ, ಮೊಳೆಗೆ, ಚೌಕಟ್ಟಿಗೆ ದಾಟುತ್ತದೆ. ಹಳೆಯ ಚಿತ್ರದ ಒಣಗಿದ ಬಣ್ಣ ಸಿಪ್ಪೆಯಂತೆ ಉದುರಬಹುದು. ಉದುರಿದ ಮೇಲೆ ಮೊದಲಿನಂತೆ ಮಾಡಲಾಗದು.

ವಿಜಯಪುರದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವಿದೆ. ಗೋಲಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂನಲ್ಲಿ ಅರಬಿ, ಫಾರ್ಸಿ ಶಾಸನಗಳು, ಕಿರುಚಿತ್ರಗಳು, ರತ್ನಗಂಬಳಿಗಳು, ಪಿಂಗಾಣಿ ಪಾತ್ರೆಗಳಿವೆ. ಆಸಾರ್ ಮಹಲಿನ ಗೋಡೆಯ ಮೇಲೇ ಬಣ್ಣದ ಚಿತ್ರಗಳಿವೆ. ಅವನ್ನು ಕಳಚಿ ಬೇರೆಡೆ ಇಡುವಂತಿಲ್ಲ. 2010ರ ಕಾನೂನು ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಜರ್ಮನಿಯ ಡಿಐಎನ್ 4150 ಮಾನದಂಡ ನಿಧಾನಗತಿಯ ಕಂಪನಕ್ಕೆ ಸಾಮಾನ್ಯ ಮನೆಯ ಅಡಿಪಾಯದಲ್ಲಿ ಸೆಕೆಂಡಿಗೆ 5 ಮಿ.ಮೀ. ವೇಗದ ಮಿತಿ ಹಾಕಿದರೆ, ಸೂಕ್ಷ್ಮವಾದ ಪಾರಂಪರಿಕ ಕಟ್ಟಡಕ್ಕೆ 3 ಮಿ.ಮೀ. ಮಾತ್ರ. ಅಂಥ ಕಡೆ ಪೈಲನ್ನು ಬಡಿದು ಇಳಿಸುವ ಬದಲು ನೆಲ ಕೊರೆದು ಕಾಂಕ್ರೀಟು ತುಂಬುವುದು ಲೇಸು. ಗೋಡೆಗೆ ಸೆನ್ಸರ್ ಕೂರಿಸಿ, ಮಿತಿ ಮೀರಿದರೆ ಕೆಲಸ ನಿಲ್ಲಿಸುತ್ತಾರೆ.

ಇದು ದೂರದ ಮಾತಲ್ಲ. ನಮ್ಮ ಕರಾವಳಿಯಲ್ಲೂ ಹಳೆಯ ಮಸೀದಿಗಳ ವಿಸ್ತರಣೆ, ತರವಾಡು ಮನೆಗಳ ರಿಪೇರಿ ನಡೆಯುತ್ತಲೇ ಇದೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯಂಥದ್ದನ್ನು ಇವತ್ತು ಮತ್ತೆ ಮಾಡಿಸುವುದು ಸುಲಭವೇ?

ಹಾಗಾಗಿ ಜೆಸಿಬಿ ಬರುವ ಮೊದಲೇ ಇಷ್ಟು ಮಾಡೋಣ. ಗೋಡೆಯ ಬಿರುಕುಗಳ ಫೋಟೋ ತೆಗೆದು, ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯೋಣ. ಗೆರೆ ದಾಟಿ ಬಿರುಕು ಬೆಳೆದರೆ ಕೆಲಸ ನಿಲ್ಲಿಸಿ ಇಂಜಿನಿಯರರನ್ನು ಕರೆಯೋಣ. ಚೌಕಟ್ಟುಗಳನ್ನು ಇಳಿಸಿ, ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸೋಣ. ಅಜ್ಜನ ಕಾಲದ ಕೈಬರಹದ ಕಿತಾಬು, ಪಿಂಗಾಣಿಗಳನ್ನು ಕೆಲಸದ ಜಾಗದಿಂದ ದೂರದ ಕೋಣೆಗೆ ಒಯ್ಯೋಣ.

ಐದು ರೂಪಾಯಿಯ ಲೋಟಕ್ಕೆ ಅರಿವೆ ಹಾಸಿದ ಆ ಅಂಗಡಿಯವರ ಎಚ್ಚರ ನಮಗೂ ಇರಲಿ.