ಸ್ಕ್ರೀನಿನ ತಪ್ಪಿಗೆ ಸೌಂಡಿಗೆ ಶಿಕ್ಷೆ

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಗಣಪತಿ ಪೆಂಡಾಲಿನ ರಸಮಂಜರಿಯಾಗಲಿ, ಶಿವಮೊಗ್ಗದ ದಸರೆಯ ಆರ್ಕೆಸ್ಟ್ರಾ ಆಗಲಿ, ಮಿಕ್ಸರ್ ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್ ಇರುವುದು ಈಗ ಮಾಮೂಲು. ಟ್ರ್ಯಾಕ್ ಬಿಡುವುದು ಅದರಿಂದಲೇ. ಕೀಬೋರ್ಡ್ ಒತ್ತಿದಾಗ ವಯಲಿನ್, ಕೊಳಲಿನ ದನಿ ಹೊರಡುವುದೂ ಅದರಿಂದಲೇ. ಎಷ್ಟೋ ಸಲ ಹಿಂದಿನ ಎಲ್‌ಇಡಿ ವಾಲ್‌ಗೆ ಚಿತ್ರ ಕಳಿಸುವ ಕೆಲಸವೂ ಅದರ ತಲೆಗೇ ಬೀಳುತ್ತದೆ. ಹಾಡಿನ ಮಧ್ಯೆ ‘ಟಪ್ ಟಪ್’ ಎಂದು ಸದ್ದು ಸಿಡಿದರೆ ಮೊದಲು ಬೈಸಿಕೊಳ್ಳುವುದು ಕೇಬಲ್. ಆಮೇಲೆ ಜನರೇಟರ್, ಅರ್ಥಿಂಗ್, ಸೌಂಡ್ ಕಾರ್ಡ್. ಸ್ಕ್ರೀನಿನ ಚಿತ್ರ ನೋಡಿಕೊಳ್ಳುವ ಗ್ರಾಫಿಕ್ಸ್ ಡ್ರೈವರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಬರಬೇಕು. ಯಾಕೆಂದರೆ ಕಂಪ್ಯೂಟರ್ ಸದ್ದನ್ನು ಕಂತು ಕಂತಾಗಿ ಹೊರಗೆ ಕಳಿಸುತ್ತದೆ. ಈ ಕಂತಿಗೆ ಬಫರ್ ಎಂದು ಹೆಸರು. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ಲೆಕ್ಕದಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ಕಂತು ಸಿದ್ಧವಾಗದಿದ್ದರೆ ಸದ್ದಿನಲ್ಲಿ ಒಂದು ತೂತು ಬೀಳುತ್ತದೆ. ಕಿವಿಗೆ ಬಡಿಯುವ ‘ಟಪ್’ ಅದೇ.

ಭದ್ರಾವತಿಯಲ್ಲಿ 1965ರಿಂದ ಆಕಾಶವಾಣಿ ಕೇಂದ್ರವಿದೆ. ರೇಡಿಯೋದಲ್ಲಿ ಹಾಡು ಅರ್ಧ ಸೆಕೆಂಡ್ ತಡವಾಗಿ ಬಂದರೂ ಮನೆಯಲ್ಲಿ ಕೇಳುವವರಿಗೆ ಗೊತ್ತಾಗದು. ಅಂಥ ಕಡೆ ಬಫರ್ ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ. ಸ್ಟೇಜಿನ ಕೀಬೋರ್ಡ್ ವಾದಕನಿಗೆ ಆ ಸೌಲಭ್ಯವಿಲ್ಲ. ಬೆರಳು ಇಟ್ಟ ಕೂಡಲೇ ದನಿ ಬರಬೇಕು. ಹಾಗಾಗಿ ಬಫರ್ ಚಿಕ್ಕದಿರಬೇಕು, ಬಫರ್ ಚಿಕ್ಕದಾದಷ್ಟೂ ಸಣ್ಣ ಅಡ್ಡಿಯೂ ಕೇಳಿಸುತ್ತದೆ.

ಆ ಅಡ್ಡಿ ಎಲ್ಲಿಂದ? ವಿಂಡೋಸ್‌ನಲ್ಲಿ ಡ್ರೈವರ್‌ಗಳು ತಮ್ಮ ಅವಸರದ ಕೆಲಸವನ್ನು ಡಿಪಿಸಿ ಎಂಬ ಸಾಲಿಗೆ ಹಾಕುತ್ತವೆ. ಅದು ಮುಗಿಯುವವರೆಗೆ ಪ್ರೊಸೆಸರಿನ ಆ ಕೋರ್‌ನಲ್ಲಿ ಮಾಮೂಲಿ ಪ್ರೋಗ್ರಾಂಗಳು ನಡೆಯುವಂತಿಲ್ಲ. ಆಡಿಯೋ ಪ್ರೋಗ್ರಾಂ ಕೂಡ ಕಾಯಬೇಕು. ಕಿರಿದಾದ ಸೇತುವೆಯ ಮೇಲೆ ಲೋಡ್ ಲಾರಿ ಕೆಟ್ಟು ನಿಂತರೆ ಹಿಂದಿರುವ ಆಂಬುಲೆನ್ಸೂ ನಿಲ್ಲಲೇಬೇಕಲ್ಲ, ಹಾಗೆ. ಒಂದು ಡಿಪಿಸಿ 100 ಮೈಕ್ರೋಸೆಕೆಂಡ್ ಮೀರಬಾರದು ಎಂದು ಮೈಕ್ರೋಸಾಫ್ಟ್ ಡ್ರೈವರ್ ಬರೆಯುವವರಿಗೆ ಹೇಳುತ್ತದೆ. ಎಲ್ಲರೂ ಪಾಲಿಸುವುದಿಲ್ಲ.

2023ರಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳ ಎನ್ವಿಡಿಯಾ ಕಂಪನಿಗೇ ಇದು ತಲೆನೋವಾಯಿತು. ಆಂಪಿಯರ್ ಪೀಳಿಗೆಯ, ಅಂದರೆ ಆರ್‌ಟಿಎಕ್ಸ್ 30 ಸರಣಿಯಂಥ ಕಾರ್ಡ್‌ಗಳಲ್ಲಿ ಡಿಪಿಸಿ ವಿಳಂಬ ಹೆಚ್ಚಾಗಿರುವುದನ್ನು ತನ್ನ ಟಿಪ್ಪಣಿಯಲ್ಲೇ ದಾಖಲಿಸಿದ ಕಂಪನಿ, ಅದೇ ವರ್ಷ ಸರಿಪಡಿಸಿದ ಡ್ರೈವರ್ ಬಿಟ್ಟಿತು.

ಕಳ್ಳನನ್ನು ಹಿಡಿಯಲು ಲೇಟೆನ್ಸಿಮಾನ್ ಎಂಬ ತಂತ್ರಾಂಶವಿದೆ. ಹಾಡು ನುಡಿಸುತ್ತಲೇ ಅದನ್ನು ಹತ್ತು ನಿಮಿಷ ಓಡಿಸಿ ‘ಡ್ರೈವರ್ಸ್’ ಪಟ್ಟಿ ನೋಡಬೇಕು. ಹೆಚ್ಚು ಹೊತ್ತು ತಿಂದವರ ಸಾಲಿನಲ್ಲಿ ‘ಎನ್‌ವಿಎಲ್‌ಡಿಡಿಎಂಕೆಎಂ’ ಮೇಲೆ ಕೂತಿದ್ದರೆ ಅದು ಎನ್ವಿಡಿಯಾದ ಡ್ರೈವರ್. ‘ಡಿಎಕ್ಸ್‌ಜಿಕರ್ನಲ್’ ಮೈಕ್ರೋಸಾಫ್ಟಿನದೇ ಫೈಲು. ಅದರ ಹೆಸರು ಕಂಡರೂ ಗ್ರಾಫಿಕ್ಸ್ ಕಡೆ ನೋಡಬೇಕು. ‘ಎನ್‌ಡಿಐಎಸ್’ ಕಂಡರೆ ಮಾತ್ರ ವೈಫೈ ಆರಿಸಿ ನೋಡಿ, ಗ್ರಾಫಿಕ್ಸಿನ ತಂಟೆಗೆ ಹೋಗಬೇಡಿ.

ಅನುಮಾನ ಖಚಿತಪಡಿಸಿಕೊಳ್ಳಲು ಸುಲಭದ ಪರೀಕ್ಷೆಯೊಂದಿದೆ. ಇಂಟೆಲ್ ಮತ್ತು ಎನ್ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪ್ ಆದರೆ ಡಿವೈಸ್ ಮ್ಯಾನೇಜರಿನಲ್ಲಿ ಎನ್ವಿಡಿಯಾವನ್ನು ತಾತ್ಕಾಲಿಕವಾಗಿ ‘ಡಿಸೇಬಲ್’ ಮಾಡಿ ಅದೇ ಹಾಡು ನುಡಿಸಬೇಕು. ‘ಟಪ್’ ನಿಂತರೆ ದಾರಿ ಸ್ಪಷ್ಟ. ನಿಲ್ಲದಿದ್ದರೆ ಅದನ್ನು ಮತ್ತೆ ಆನ್ ಮಾಡಿ ಬೇರೆ ಕಡೆ ಹುಡುಕಬೇಕು.

ತಪ್ಪಿತಸ್ಥ ಗ್ರಾಫಿಕ್ಸೇ ಎಂದಾದರೆ ಮೊದಲು ಚಾರ್ಜರ್ ಹಾಕಿ, ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಪವರ್ ಸೆಟ್ಟಿಂಗನ್ನು ಗರಿಷ್ಠ ಸಾಮರ್ಥ್ಯಕ್ಕೆ ಇಟ್ಟು ನೋಡಬೇಕು. ಕಾರ್ಡು ಕರೆಂಟ್ ಉಳಿಸಲೆಂದು ಪದೇ ಪದೇ ವೇಗ ಏರಿಳಿಸುವುದೇ ಎಷ್ಟೋ ಸಲ ಅಡ್ಡಿಗೆ ಮೂಲ. ಅದಕ್ಕೂ ಬಗ್ಗದಿದ್ದರೆ ಸೇಫ್ ಮೋಡ್‌ನಲ್ಲಿ ‘ಡಿಡಿಯು’ ಎಂಬ ತಂತ್ರಾಂಶ ಓಡಿಸಿ ಹಳೆಯ ಡ್ರೈವರಿನ ಚೂರುಪಾರನ್ನೆಲ್ಲ ಗುಡಿಸಿ ಹಾಕಿ, ಸ್ಟುಡಿಯೋ ಡ್ರೈವರನ್ನೋ ಲ್ಯಾಪ್‌ಟಾಪ್ ಕಂಪನಿ ಕೊಟ್ಟ ಆವೃತ್ತಿಯನ್ನೋ ಹೊಸದಾಗಿ ಹಾಕುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ಇನ್ನೊಂದು ಕಾಟ ಎಲ್‌ಇಡಿ ವಾಲ್‌ನದು. ಎಚ್‌ಡಿಎಂಐ ಕೇಬಲ್ ಚುಚ್ಚಿದ ಕೂಡಲೇ ಸ್ಪೀಕರ್ ಮೂಕವಾಗುವುದುಂಟು. ಗ್ರಾಫಿಕ್ಸ್ ಡ್ರೈವರ್ ಜೊತೆಗೇ ಒಂದು ಆಡಿಯೋ ಸಾಧನವೂ ಬಂದಿರುತ್ತದೆ, ವಿಂಡೋಸ್ ಹಾಡನ್ನು ಅತ್ತ ತಿರುಗಿಸಿರುತ್ತದೆ. ಸೌಂಡ್ ಸೆಟ್ಟಿಂಗಿನಲ್ಲಿ ಆ ಎಚ್‌ಡಿಎಂಐ ಆಡಿಯೋವನ್ನು ಆಫ್ ಮಾಡಿಟ್ಟರೆ ಈ ತೊಂದರೆ ತಪ್ಪುತ್ತದೆ.

ಕಾರ್ಯಕ್ರಮದ ದಿನ ಡ್ರೈವರ್ ಮುಟ್ಟುವ ಮಾತಿಲ್ಲ. ವಿಂಡೋಸ್ ಅಪ್‌ಡೇಟನ್ನು ವಾರದ ಮೊದಲೇ ‘ಪಾಸ್’ ಮಾಡಿ ತಡೆದಿರಬೇಕು, ಸರಿಯಾಗಿ ನಡೆದ ಡ್ರೈವರಿನ ಫೈಲು ಪೆನ್‌ಡ್ರೈವಿನಲ್ಲಿರಬೇಕು. ಸ್ಟೇಜ್ ಮೇಲೆಯೇ ಸಿಡಿತ ಶುರುವಾದರೆ ವಾಲ್‌ನ ಕೇಬಲನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿ, ಬಫರನ್ನು 256ಕ್ಕೆ ಏರಿಸಬೇಕು. ಆಗ ಒಂದು ಕಂತಿಗೆ ಸಿಗುವ ಸಮಯ 5.3 ಮಿಲಿಸೆಕೆಂಡ್. ಅಷ್ಟರಲ್ಲಿ ಸದ್ದು ಗಾಳಿಯಲ್ಲಿ ಸಾಗುವುದು ಸುಮಾರು ಆರು ಅಡಿ. ಮಾನಿಟರ್ ಸ್ಪೀಕರನ್ನು ಅಷ್ಟು ದೂರ ಇಟ್ಟಂತೆ ಎಂದುಕೊಂಡರೆ ವಾದಕ ಎರಡನೇ ಹಾಡಿಗೆ ಹೊಂದಿಕೊಳ್ಳುತ್ತಾನೆ.